ಸಾಂತಿಯಾಗೊದ ಹಳೇ ಛತ್ರದ ಬಾಗಿಲಲ್ಲಿರುವ ಶಿಲ್ಪಗಳು: ಮುಟ್ಟಬಹುದಾ, ಮುಟ್ಟಬಾರದಾ?

ಕಾಲ್ನಡಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತಾದಾಗ ಓದಿ.

ಕಳೆದ ಅಕ್ಟೋಬರ್‌ನಲ್ಲಿ ನಾನು, ನನ್ನ ಮಗಳು ಸ್ಪೇನಿನ ಸಾರ್ರಿಯಾ ಎಂಬ ಊರಿನಿಂದ ಸಾಂತಿಯಾಗೊ ದೆ ಕೊಂಪೊಸ್ತೆಲಾವರೆಗೆ ನಡೆದೆವು. ಸುಮಾರು 115 ಕಿಲೋಮೀಟರ್, ಆರು ದಿನ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೋದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ದಾರಿಯುದ್ದಕ್ಕೂ ಹಳದಿ ಬಾಣದ ಗುರುತು, ಕಪ್ಪೆಚಿಪ್ಪಿನ ಗುರುತು. ಅದನ್ನೇ ನೋಡಿಕೊಂಡು ನಡೆಯುವುದು. ಕೈಯಲ್ಲಿರುವ ಪುಸ್ತಕಕ್ಕೆ ಊರೂರಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು. ನಡೆದು ಹೋಗುವವರು ಕನಿಷ್ಠ 100 ಕಿಲೋಮೀಟರಾದರೂ ನಡೆದಿದ್ದರೆ ಮಾತ್ರ ಯಾತ್ರೆ ಮುಗಿಸಿದ ಪತ್ರ ಸಿಗುತ್ತದೆ.

ಊರು ಮುಟ್ಟಿದ ದಿನ ಜಡಿಮಳೆ. ನಮ್ಮ ಆಗುಂಬೆ ಕಡೆಯ ಮಳೆಯ ಹಾಗೆಯೇ, ನಿಲ್ಲುವ ಲಕ್ಷಣವೇ ಇಲ್ಲ. ಒಬ್ರಾದೊಯ್ರೊ ಎಂಬ ದೊಡ್ಡ ಚೌಕಕ್ಕೆ ಬಂದು ನಿಂತೆವು. ಎದುರಿಗೆ ಯೇಸುವಿನ ಶಿಷ್ಯ ಸಂತ ಯಾಕೋಬನ ಮಹಾ ಚರ್ಚು, ಯಾತ್ರೆ ಮುಗಿಯುವುದು ಅಲ್ಲೇ. ಎಲ್ಲರೂ ಅದನ್ನೇ ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಎಡಗಡೆಯ ಉದ್ದನೆಯ ಕಟ್ಟಡದ ಮೇಲೆ ಹೋಯಿತು. ಅದರ ಹೆಸರು ಓಸ್ತಾಲ್ ದೋಸ್ ರೇಯಿಸ್ ಕಾತೊಲಿಕೋಸ್. ಐನೂರು ವರ್ಷದ ಹಿಂದೆ ಯಾತ್ರಿಕರಿಗಾಗಿಯೇ ಕಟ್ಟಿಸಿದ್ದು. ನಮ್ಮ ಮಾತಲ್ಲಿ ಹೇಳುವುದಾದರೆ ಆಸ್ಪತ್ರೆ ಇರುವ ಛತ್ರ. ಈಗ ಪಂಚತಾರಾ ಹೋಟೆಲು.

ಗೋಡೆ ಬಹುಮಟ್ಟಿಗೆ ಬೋಳು. ಕೆತ್ತನೆಯೆಲ್ಲ ಹೆಬ್ಬಾಗಿಲಿನ ಸುತ್ತಲೇ ಗುಂಪಾಗಿದೆ. ಒಂದು ಪಕ್ಕ ಆದಾಮ, ಇನ್ನೊಂದು ಪಕ್ಕ ಈವ. ಅವರ ಮೇಲೆ ಸಂತರು. ಕಮಾನಿನ ಎರಡು ಮೂಲೆಯಲ್ಲಿ ದುಂಡನೆಯ ಪದಕದ ಹಾಗೆ, ಈ ಛತ್ರ ಕಟ್ಟಿಸಿದ ರಾಣಿ ಇಸಾಬೆಲ್ ಮತ್ತು ರಾಜ ಫೆರ್ನಾಂದೊ ಮುಖಗಳು. ಅದರ ಮೇಲಿನ ಪಟ್ಟಿಯಲ್ಲಿ ಯೇಸುವಿನ ಹನ್ನೆರಡು ಜನ ಶಿಷ್ಯರು ಸಾಲಾಗಿ ನಿಂತಿದ್ದಾರೆ. ಈವಳ ಕಡೆ ಇರುವ ಸಂತರಲ್ಲಿ ಒಬ್ಬಳು ಲೂಸಿಯಾ. ಕಣ್ಣಿನ ಕಾಯಿಲೆ ಇರುವವರು ಅವಳಿಗೆ ಹರಕೆ ಹೊರುತ್ತಾರೆ. ನನ್ನ ಅಮ್ಮನಿಗೆ ಹೋದ ವರ್ಷವೇ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಅಲ್ಲಿ ನಿಂತಾಗ ಅಮ್ಮನೇ ನೆನಪಾದರು. ಗೊತ್ತಿಲ್ಲದ ಹಾಗೆ ಕೈ ಹೋಯಿತು, ಬಾಗಿಲ ಪಕ್ಕದ ಕಲ್ಲಿನ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕಲ್ಲು ತಣ್ಣಗೆ, ಒದ್ದೆಯಾಗಿ, ಉಪ್ಪಿನ ಹರಳಿನ ಹಾಗೆ ಒರಟಾಗಿತ್ತು.

"ಅಮ್ಮಾ, ಮುಟ್ಟಬೇಡ" ಅಂದಳು ಮಗಳು. ಅವಳು ಹೇಳಿದ್ದು ಸರಿಯೇ. ಆದರೆ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ನಡೆದು ಬಂದವರಿಗಾಗಿ ಮಾಡಿದ ಬಾಗಿಲು ಅದು, ಅಲ್ವಾ? ನಿಮಗೆಲ್ಲ ಏನನ್ನಿಸುತ್ತದೆ? ದಯವಿಟ್ಟು ಬಿಚ್ಚುಮನಸ್ಸಿನಿಂದ ಹೇಳಿ.

ಹಾಸನದ ಮೇಷ್ಟ್ರು

ತುಂಬಾ ಸಂತೋಷವಾಯಿತು ತಾಯಿ, ಚೆನ್ನಾಗಿ ಬರೆದಿದ್ದೀರಿ. ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವನು ನಾನು. ಆ ಕಟ್ಟಡದ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ.

ಇಸಾಬೆಲ್ ಮತ್ತು ಫೆರ್ನಾಂದೊ 1486ರಲ್ಲಿ ಸಾಂತಿಯಾಗೊಗೆ ಬಂದಿದ್ದರು. ಯಾತ್ರಿಕರು ಇರುವುದಕ್ಕೆ ಜಾಗವಿಲ್ಲದೆ ಪಡುತ್ತಿದ್ದ ಪಾಡು ಅವರ ಗಮನಕ್ಕೆ ಬಂತು. ದಕ್ಷಿಣ ಸ್ಪೇನಿನ ಮುಸ್ಲಿಂ ರಾಜ್ಯವಾದ ಗ್ರನಾದವನ್ನು 1492ರಲ್ಲಿ ಗೆದ್ದರು. ಅಲ್ಲಿಂದ ಬಂದ ಆದಾಯದ ಒಂದು ಪಾಲನ್ನು ಇದಕ್ಕೆ ಕೊಟ್ಟರು. 1499ರಲ್ಲಿ ಕಟ್ಟುವ ಆಜ್ಞೆ ಹೊರಟಿತು. ನಕ್ಷೆ ಎನ್ರಿಕೆ ಎಗಾಸ್ ಅವರದು. ಆ ಹೆಬ್ಬಾಗಿಲಿನ ಕೆತ್ತನೆ 1519ರ ಸುಮಾರಿನದು, ಕೆಲಸ ಮಾಡಿದವರು ಫ್ರಾನ್ಸ್ ಕಡೆಯ ಶಿಲ್ಪಿಗಳು. ಬೆಳ್ಳಿ ಕೆಲಸದವರು ಮಾಡುವಷ್ಟು ನಯವಾದ ಕೆತ್ತನೆ ಅಂತ ಈ ಶೈಲಿಗೆ ಸ್ಪೇನಿನಲ್ಲಿ ಬೆಳ್ಳಿಯ ಹೆಸರನ್ನೇ ಇಟ್ಟಿದ್ದಾರೆ, ಪ್ಲಾತೆರೆಸ್ಕೊ ಅಂತ. ನಮ್ಮ ಹಳೇಬೀಡಿನ ಕೆತ್ತನೆ ನೋಡಿದವರೂ ಅಕ್ಕಸಾಲಿಗರ ಕೆಲಸದ ಹಾಗಿದೆ ಅನ್ನುತ್ತಾರೆ. ಆದರೆ ನಮ್ಮದು ಬಳಪದ ಕಲ್ಲು, ಉಗುರು ತಾಗಿದರೂ ಗೀರು ಬೀಳುವಷ್ಟು ಮೆದು. ಅವರ ನಾಡಿನಲ್ಲಿ ಹೆಚ್ಚಾಗಿ ಗ್ರಾನೈಟ್. ಉಳಿ ಹಿಡಿದವರಿಗೆ ಗೊತ್ತು ಅದರ ಕಷ್ಟ.

ಒಳಗೆ ನಾಲ್ಕು ಅಂಗಳಗಳಿವೆ. ಮತ್ತಾಯ, ಮಾರ್ಕ, ಲೂಕ, ಯೋಹಾನ, ಹೀಗೆ ಯೇಸುವಿನ ಜೀವನ ಬರೆದ ನಾಲ್ವರು ಸುವಾರ್ತೆಗಾರರ ಹೆಸರು. ನಮ್ಮ ತೊಟ್ಟಿಮನೆಯನ್ನು ನಾಲ್ಕು ಪಾಲು ದೊಡ್ಡದು ಮಾಡಿ ಒಂದಕ್ಕೊಂದು ಜೋಡಿಸಿದರೆ ಹೇಗಿರುತ್ತದೋ ಹಾಗೆ. ಎರಡು ಮೊದಲಿನವು, ಇನ್ನೆರಡು 18ನೇ ಶತಮಾನದವು. ಯಾತ್ರಿಕರು ಬೇಸಿಗೆಯಲ್ಲಿ ಮೂರು ದಿನ, ಚಳಿಗಾಲದಲ್ಲಿ ಐದು ದಿನ ಇರಬಹುದಿತ್ತು. ಕಾಯಿಲೆ ಬಿದ್ದವರನ್ನು ವೈದ್ಯರು ನೋಡಿಕೊಳ್ಳುತ್ತಿದ್ದರು. 1953ರವರೆಗೂ ಅದು ಆಸ್ಪತ್ರೆಯೇ ಆಗಿತ್ತು. 1954ರಲ್ಲಿ ಹೋಟೆಲಾಯಿತು, ಈಗ ಪಾರಾದೋರ್ ಎಂಬ ಸರ್ಕಾರಿ ಹೋಟೆಲುಗಳ ಸಾಲಿನಲ್ಲಿದೆ.

ಒಂದು ತಿದ್ದುಪಡಿ. ಇದೇ ಪ್ರಪಂಚದ ಅತಿ ಹಳೆಯ ಹೋಟೆಲು ಅಂತ ಅನೇಕರು ಬರೆಯುತ್ತಾರೆ. ಅದು ತಪ್ಪು. ಜಪಾನಿನಲ್ಲಿ ಕ್ರಿ.ಶ. 705ರಲ್ಲಿ ಶುರುವಾದ ಬಿಸಿನೀರಿನ ಬುಗ್ಗೆಯ ತಂಗುಮನೆ ಇದೆ, ಗಿನ್ನೆಸ್ ದಾಖಲೆ ಅದರದು. ಸಾಂತಿಯಾಗೊದ ಕಟ್ಟಡ ಹಳೆಯದು ಹೌದು, ಆದರೆ ಹೋಟೆಲಾಗಿ ಅದರ ವಯಸ್ಸು ನನ್ನ ವಯಸ್ಸಿಗಿಂತ ಜಾಸ್ತಿಯೇನೂ ಇಲ್ಲ.

ಪೋರ್ತೊ ಕನ್ನಡಿಗ

ನಾನು ಪೋರ್ಚುಗಲ್‌ನ ಪೋರ್ತೊದಲ್ಲಿದ್ದೇನೆ. ಕಾರಿನಲ್ಲಿ ಎರಡೂವರೆ ಗಂಟೆ ದಾರಿ, ಹಾಗಾಗಿ ಆಗಾಗ ಹೋಗುತ್ತಿರುತ್ತೇನೆ.

ಅಕ್ಕಾ, ಬಾಗಿಲ ಮುಂದೆ ಗಿಡ್ಡ ಕಲ್ಲುಕಂಬಗಳು, ಅವಕ್ಕೆ ಬಿಗಿದ ಕಬ್ಬಿಣದ ಸರಪಳಿ ನೋಡಿದಿರಾ? ಎಷ್ಟೋ ಜನ ಕಾರು ನಿಲ್ಲಿಸದಿರಲಿ ಅಂತ ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಅದು ಗಡಿ. ಸರಪಳಿಯಿಂದ ಒಳಗೆ, ಕಟ್ಟಡದ ಕಡೆ, ಆಗ ಆಸ್ಪತ್ರೆಯದೇ ಆಡಳಿತ. ಊರಿನ ಅಧಿಕಾರಿಗಳ ಕೈ ಅಲ್ಲಿಗೆ ಬರುತ್ತಿರಲಿಲ್ಲ. ಅಂದರೆ ಆ ಶಿಲ್ಪಗಳ ಕೆಳಗೆ ಬಂದು ನಿಂತವರಿಗೆ ಒಂದು ರಕ್ಷಣೆ ಇತ್ತು.

ಇನ್ನು ಮುಟ್ಟುವ ವಿಷಯ. ಪಕ್ಕದ ಮಹಾ ಚರ್ಚಿನ ಒಳಗೆ ಪೋರ್ತಿಕೊ ದಾ ಗ್ಲೋರಿಯಾ ಅಂತ ಒಂದು ಬಾಗಿಲಿದೆ. ಮೇಸ್ತ್ರಿ ಮಾತೆಯೊ ಎಂಬ ಶಿಲ್ಪಿ ಮಾಡಿದ್ದು. ಮೇಲಿನ ತೊಲೆಯ ಮೇಲೆ 1188 ಅಂತ ಇಸವಿ ಕೆತ್ತಿದೆ. ನಡುವೆ ಒಂದು ಅಮೃತಶಿಲೆಯ ಕಂಬ. ಊರು ಮುಟ್ಟಿದ ಯಾತ್ರಿಕರು ಆ ಕಂಬದ ಮೇಲೆ ಅಂಗೈ ಊರಿ ನಮಸ್ಕರಿಸುತ್ತಿದ್ದರು. ನೂರಾರು ವರ್ಷ, ಒಂದೇ ಜಾಗ. ಈಗ ಅಲ್ಲಿ ಐದು ಬೆರಳಿನ ಗುಳಿ ಬಿದ್ದಿದೆ. ನಾನು ಹತ್ತಿರದಿಂದ ನೋಡಿದ್ದೇನೆ. ಕೆಸರಿನಲ್ಲಿ ಕೈ ಒತ್ತಿದರೆ ಹೇಗಿರುತ್ತದೋ ಹಾಗೇ ಇದೆ, ಆದರೆ ಕಲ್ಲು. ಅದರ ಹಿಂಬದಿ ಬುಡದಲ್ಲಿ ಮಂಡಿಯೂರಿದ ಒಂದು ಮೂರ್ತಿ ಇದೆ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು ಬುದ್ಧಿ ಬರಲಿ ಅಂತ ಅದರ ತಲೆಗೆ ತಲೆ ಡಿಕ್ಕಿ ಹೊಡೆಯುತ್ತಿದ್ದರು. ಈಗ ಎರಡನ್ನೂ ಮುಟ್ಟುವಂತಿಲ್ಲ. 2018ರಲ್ಲಿ ದುರಸ್ತಿ ಮುಗಿಯಿತು, ಹತ್ತು ವರ್ಷದ ಹತ್ತಿರ ಹಿಡಿದ ಕೆಲಸ. ತೇವ ತಡೆದರು, ಪಾಚಿ ತೆಗೆದರು. ಅಡಿಯಲ್ಲಿ ಹಳೇ ಬಣ್ಣ ಕಂಡಿತು, ನೀಲಿ, ಚಿನ್ನ, ಕೆನ್ನೆಯ ನಸುಗೆಂಪು. ಈಗ ಟಿಕೆಟ್ ತೆಗೆದುಕೊಂಡು ಸಣ್ಣ ಸಣ್ಣ ಗುಂಪಾಗಿ ಒಳಗೆ ಹೋಗಬೇಕು.

ಆ ಬಣ್ಣ ನೋಡಿದ ಮೇಲೆ ನನಗೆ ಮುಟ್ಟಬೇಕು ಅನ್ನಿಸಲಿಲ್ಲ. ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ.

ಬಾದಾಮಿ ಕಲ್ಲು

ನಾನು ಹಳೇ ಗುಡಿಗಳ ದುರಸ್ತಿ ಕೆಲಸ ಮಾಡುವವನು. ಕಲ್ಲಿನ ಪರವಾಗಿ ಎರಡು ಮಾತು.

ಒಬ್ಬರು ಒಂದು ಸಲ ಮುಟ್ಟಿದರೆ ಏನೂ ಆಗುವುದಿಲ್ಲ, ನಿಜ. ಆದರೆ ಕೈಯಲ್ಲಿ ಬೆವರಿರುತ್ತದೆ, ಜಿಡ್ಡಿರುತ್ತದೆ, ಉಪ್ಪಿರುತ್ತದೆ. ಜಿಡ್ಡಿಗೆ ದೂಳು ಅಂಟುತ್ತದೆ. ದೂಳಿಗೆ ತೇವ ಅಂಟುತ್ತದೆ. ಉಪ್ಪು ಕಲ್ಲಿನ ಸೂಕ್ಷ್ಮ ರಂಧ್ರಕ್ಕೆ ಇಳಿದು ಒಣಗಿದಾಗ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಕಲ್ಲನ್ನು ಒಳಗಿನಿಂದ ನೂಕುತ್ತದೆ. ಆಮೇಲೆ ಪದರ ಪದರವಾಗಿ ಹೆಕ್ಕಳಿಕೆ ಏಳುತ್ತದೆ. ನಮ್ಮ ಬಾದಾಮಿಯ ಮರಳುಗಲ್ಲಿನಲ್ಲಿ ಇದು ಬೇಗ ಕಾಣುತ್ತದೆ, ಗ್ರಾನೈಟ್‌ನಲ್ಲಿ ತಡವಾಗಿ. ಅಷ್ಟೇ ವ್ಯತ್ಯಾಸ.

ಅಕ್ಟೋಬರ್ ಮಳೆಯಲ್ಲಿ ಕಲ್ಲು ಒರಟಾಗಿತ್ತು ಅಂದಿರಿ. ಮಳೆ ಜಾಸ್ತಿ ಇರುವ ಊರಿನ ಗ್ರಾನೈಟ್ ಹಾಗೇ ಆಗುತ್ತದೆ. ಒಳಗಿನ ಒಂದು ಖನಿಜ ನೀರಿಗೆ ನಿಧಾನವಾಗಿ ಮಣ್ಣಾಗುತ್ತದೆ, ಗಟ್ಟಿ ಕಾಳು ಮಾತ್ರ ಮೇಲೆ ಉಳಿಯುತ್ತದೆ. ಅದೇ ನಿಮ್ಮ ಬೆರಳಿಗೆ ಉಪ್ಪಿನ ಹರಳಿನ ಹಾಗೆ ತಾಗಿದ್ದು. ಅದರ ಮೇಲೆ ಬೂದಿ ಬಣ್ಣದ, ಹಳದಿ ಬಣ್ಣದ ಚಕ್ಕೆ ಬೆಳೆದಿರುತ್ತದೆ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ. ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಕಲ್ಲಿನ ಚರ್ಮವೂ ಜೊತೆಗೇ ಬರುತ್ತದೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ಹಳ್ಳಿಯ ಗುಡಿಯಲ್ಲಿ ಚೆಂದದ ನಂದಿ ಇತ್ತು. ಕೊರಳಿನ ಗಂಟೆಸರದ ಒಂದೊಂದು ಗಂಟೆಯ ನಾಲಿಗೆಯೂ ಕೆತ್ತಿದ್ದರು. ಜಾತ್ರೆಗೆ ಚಂದ ಕಾಣಲಿ ಅಂತ ಯಾರೋ ಅದಕ್ಕೆ ದಪ್ಪ ಎಣ್ಣೆಬಣ್ಣ ಬಳಿದರು. ಕೆಟ್ಟ ಮನಸ್ಸಿನಿಂದ ಅಲ್ಲ, ಭಕ್ತಿಯಿಂದಲೇ. ಎರಡು ಮಳೆಗಾಲ ಕಳೆಯಿತು. ಬಣ್ಣದ ಅಡಿ ನೀರು ಸೇರಿಕೊಂಡು ಹೊರಬರಲಾಗದೆ ಕಲ್ಲು ಹುಡಿಯಾಯಿತು. ನಾವು ಬಣ್ಣ ತೆಗೆದಾಗ ಅರ್ಧ ಗಂಟೆಗಳು ಬಣ್ಣದ ಜೊತೆ ಎದ್ದು ಬಂದವು. ಆ ಚೂರುಗಳನ್ನು ಕಾಗದದ ಪೊಟ್ಟಣದಲ್ಲಿ ಇಟ್ಟುಕೊಂಡಿದ್ದೇನೆ. ಬಿಸಾಡಲು ಮನಸ್ಸು ಬರಲಿಲ್ಲ.

ಅದಕ್ಕೇ ಹೇಳುವುದು, ಮಗಳು ಹೇಳಿದ್ದೇ ಸರಿ ಅಕ್ಕಾ.

ತುಂಗೆ ತೀರ

ಎಲ್ಲರ ಮಾತೂ ಒಪ್ಪುತ್ತೇನೆ, ಆದರೂ ಒಂದು ಪ್ರಶ್ನೆ. ಶ್ರವಣಬೆಳಗೊಳದ ಗೊಮ್ಮಟ ಸಂರಕ್ಷಿತ ಸ್ಮಾರಕ. ಹಾಗಿದ್ದರೂ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2018ರಲ್ಲಿ ನಾನೂ ಹೋಗಿದ್ದೆ. ಹಾಲು, ಅರಿಶಿನ, ಚಂದನ ಎಲ್ಲ ಆ 58 ಅಡಿ ಮೂರ್ತಿಯ ಮೈಮೇಲೆ ಹರಿಯುವುದನ್ನು ನೋಡಿ ಕಣ್ಣಲ್ಲಿ ನೀರು ಬಂದಿತ್ತು. ಪೂಜೆ ನಿಲ್ಲಿಸಿ ಬರೀ ನೋಡಿ ಅಂದಿದ್ದರೆ ಆ ಮೂರ್ತಿ ನಮಗೆ ಇಷ್ಟು ಹತ್ತಿರ ಆಗುತ್ತಿತ್ತಾ?

ಸಾಂತಿಯಾಗೊದಲ್ಲೂ ಹಾಗೇ ಇದೆಯಲ್ಲ. ಮಹಾ ಚರ್ಚಿನ ಪೀಠದ ಮೇಲೆ ಸಂತ ಯಾಕೋಬನ ಮೂರ್ತಿ ಇದೆ. ಹಿಂದಿನಿಂದ ಮೆಟ್ಟಿಲು ಹತ್ತಿ ಹೋಗಿ ಯಾತ್ರಿಕರು ಇವತ್ತಿಗೂ ಅದನ್ನು ಅಪ್ಪಿಕೊಳ್ಳುತ್ತಾರೆ. ಹಾಗಾದರೆ ಒಂದು ಮೂರ್ತಿ ಅಪ್ಪಿಕೊಳ್ಳಲು, ಇನ್ನೊಂದು ದೂರದಿಂದ ನೋಡಲು ಅಂತ ಯಾರು ತೀರ್ಮಾನ ಮಾಡುವುದು?

ಬಾದಾಮಿ ಕಲ್ಲು

ಒಳ್ಳೆಯ ಪ್ರಶ್ನೆ. ನನ್ನ ಅನುಭವದಲ್ಲಿ ನೋಡಬೇಕಾದ್ದು ಎರಡು. ಮೊದಲನೆಯದು, ಆ ಮೂರ್ತಿಗೆ ಮೊದಲಿನಿಂದಲೂ ಆ ಸೇವೆ ನಡೆದಿದೆಯಾ? ಎರಡನೆಯದು, ಕಲ್ಲು ಅದನ್ನು ತಡೆಯುತ್ತದಾ? ಗೊಮ್ಮಟನಿಗೆ ಅಭಿಷೇಕ ಶತಮಾನಗಳಿಂದ ಇದೆ, ಕಲ್ಲೂ ಗಟ್ಟಿ, ನಡುವೆ ಹನ್ನೆರಡು ವರ್ಷದ ಬಿಡುವೂ ಇದೆ. ಮಾತೆಯೊನ ಕಂಬಕ್ಕೆ ಬಿಡುವೇ ಇರಲಿಲ್ಲ. ಬರುವ ಜನವೂ ಈಗ ಎಷ್ಟೋ ಪಟ್ಟು. 2024ರಲ್ಲಿ ಯಾತ್ರೆಯ ಪತ್ರ ಪಡೆದವರೇ ಸುಮಾರು 4,99,000 ಜನ. ಐದು ಲಕ್ಷ ಅಂಗೈಗಳು ಒಂದೇ ಕಂಬದ ಮೇಲೆ ಅಂದರೆ ಲೆಕ್ಕ ಹಾಕಿ.

ಛತ್ರದ ಬಾಗಿಲ ಶಿಲ್ಪಗಳು ಮೊದಲಿನಿಂದಲೂ ತಲೆಯೆತ್ತಿ ನೋಡುವುದಕ್ಕೇ ಮಾಡಿದವು ಅಂತ ನನಗೆ ಅನ್ನಿಸುತ್ತದೆ. ಕೆಳಗೆ ಮನುಷ್ಯರು ಇಬ್ಬರು, ಬಟ್ಟೆ ಕೂಡ ಇಲ್ಲದವರು. ನಡುವೆ ಸಂತರು, ಮೇಲೆ ಶಿಷ್ಯರು. ನೋಡುವವನ ಕಣ್ಣು ತಾನಾಗಿಯೇ ಕೆಳಗಿನಿಂದ ಮೇಲಕ್ಕೆ ಹತ್ತಬೇಕು.

ಗದಗ ಹುಡುಗ

ನಾನು ಬೇರೆ ಊರಿನ ಬಗ್ಗೆ ಕೇಳಬೇಕಿತ್ತು. ಅದೇ ದಾರಿಯಲ್ಲಿ ಲಿಯೋನ್ ಬರುತ್ತದೆ. ಅಲ್ಲಿನ ಸಾನ್ ಮಾರ್ಕೋಸ್ ಕೂಡ ಯಾತ್ರಿಕರ ಛತ್ರವಾಗಿದ್ದು ಈಗ ಪಾರಾದೋರ್ ಹೋಟೆಲು. ಸೈಕಲ್ ಮೇಲೆ ಹೋದಾಗ ನೋಡಿದ್ದೆ. ಅದರ ಬಾಗಿಲ ಮೇಲೆ ಅದೇ ಸಂತ ಯಾಕೋಬ, ಆದರೆ ಕುದುರೆಯ ಮೇಲೆ ಕತ್ತಿ ಎತ್ತಿದ್ದಾನೆ. ಮೂರ್‌ಗಳನ್ನು, ಅಂದರೆ ಆ ಕಾಲದಲ್ಲಿ ಸ್ಪೇನಿನಲ್ಲಿದ್ದ ಮುಸ್ಲಿಮರನ್ನು, ಕೊಂದವನು ಅಂತಲೇ ಆ ರೂಪಕ್ಕೆ ಹೆಸರು. ಯಾತ್ರಿಕನ ಕೋಲು, ಚಿಪ್ಪು ಹಿಡಿದ ಸಂತನನ್ನು ದಾರಿಯುದ್ದಕ್ಕೂ ನೋಡಿಕೊಂಡು ಬಂದು ಇಲ್ಲಿ ಹೀಗೆ ನೋಡಿದಾಗ ಕಸಿವಿಸಿಯಾಯಿತು. ಇಂಥದ್ದನ್ನೂ ಹಾಗೇ ಕಾಪಾಡಬೇಕಾ?

ಹಾಸನದ ಮೇಷ್ಟ್ರು

ಕಾಪಾಡಬೇಕು ಮಗು, ಆದರೆ ಕಥೆ ಪೂರ್ತಿ ಹೇಳಬೇಕು. ಸಂತನು ಕ್ಲಾವಿಹೊ ಎಂಬಲ್ಲಿ 844ರಲ್ಲಿ ಬಿಳಿ ಕುದುರೆ ಏರಿ ಯುದ್ಧಕ್ಕೆ ಬಂದ ಅನ್ನುವುದು ದಂತಕಥೆ. ಆ ಯುದ್ಧ ನಡೆದೇ ಇಲ್ಲ ಅಂತ ಇತಿಹಾಸಕಾರರು ಹೇಳುತ್ತಾರೆ. ಶಿಲ್ಪ ಒಡೆದರೆ ಆ ಕಾಲದವರು ಏನು ನಂಬಿದ್ದರು ಅನ್ನುವ ಸಾಕ್ಷಿಯೇ ಹೋಗುತ್ತದೆ.

ಸಾಂತಿಯಾಗೊ ಮಹಾ ಚರ್ಚಿನಲ್ಲೂ ಅಂಥದ್ದೇ ಒಂದು ಮೂರ್ತಿ ಇದೆ, 18ನೇ ಶತಮಾನದ್ದು. 2004ರಲ್ಲಿ ಅದನ್ನು ಮ್ಯೂಸಿಯಮ್ಮಿಗೆ ಸಾಗಿಸುವ ಮಾತು ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ಅಲ್ಲೇ ಉಳಿಸಿದರು. ಕುದುರೆಯ ಕಾಲಡಿ ಬಿದ್ದಿರುವ ಮನುಷ್ಯರನ್ನು ಮಾತ್ರ ಹೂವಿನಿಂದ ಮುಚ್ಚಿದರು. ನನಗೆ ಆ ಪರಿಹಾರ ಅಷ್ಟು ಸರಿ ಕಾಣಲಿಲ್ಲ. ಮುಚ್ಚುವ ಬದಲು ಪಕ್ಕದಲ್ಲಿ ನಾಲ್ಕು ಸಾಲು ಬರೆದು ಹಾಕಬಹುದಿತ್ತು.

ಸಾನ್ ಮಾರ್ಕೋಸ್ ಗೋಡೆಯ ಒಳಗೆ ಇನ್ನೂ ದುಃಖದ ಕಥೆಗಳಿವೆ. ಕವಿ ಕೆವೆದೊ 1639ರಿಂದ 1643ರವರೆಗೆ ಅಲ್ಲಿ ಸೆರೆಯಲ್ಲಿದ್ದರು. ಸ್ಪೇನಿನ ಅಂತರ್ಯುದ್ಧದ ಸಮಯದಲ್ಲಿ ಮತ್ತು ಅದು ಮುಗಿದ ಮೇಲೂ, 1936ರಿಂದ 1940ರವರೆಗೆ, ಅದೇ ಕಟ್ಟಡ ಕೈದಿಗಳ ಶಿಬಿರವಾಗಿತ್ತು. ಸಾವಿರಾರು ಜನರನ್ನು ಅಲ್ಲಿ ತುಂಬಿದ್ದರು. ಯಾತ್ರಿಕರನ್ನು ಬರಮಾಡಿಕೊಳ್ಳಲು ಕಟ್ಟಿದ ಬಾಗಿಲ ಕೆಳಗೇ ಅವರೂ ಹಾದು ಹೋಗಿರಬೇಕು. ಇದನ್ನೆಲ್ಲ ನೆನೆಯದೆ ಬರೀ ಕಲ್ಲಿನ ಅಂದ ಹೊಗಳಿದರೆ ನನಗೆ ಸಮಾಧಾನವಿಲ್ಲ.

ಗದಗ ಹುಡುಗ

ಧನ್ಯವಾದ ಸರ್. ಶಿಬಿರದ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಎದುರಿಗೆ ಒಂದು ಯಾತ್ರಿಕನ ಪ್ರತಿಮೆ ಇದೆ, ಹೊಸದು. ಕಲ್ಲಿನ ಶಿಲುಬೆಗೆ ಒರಗಿ ಕೂತಿದ್ದಾನೆ, ಕಾಲಿನ ಪಾದರಕ್ಷೆ ಕಳಚಿ ಪಕ್ಕಕ್ಕಿಟ್ಟಿದ್ದಾನೆ, ಮುಖ ಮೇಲಕ್ಕೆತ್ತಿ ಕಟ್ಟಡವನ್ನೇ ನೋಡುತ್ತಿದ್ದಾನೆ. ನಾನೂ ಅವನ ಪಕ್ಕ ಶೂ ಬಿಚ್ಚಿ ಕೂತಿದ್ದೆ. ಹಿಮ್ಮಡಿಯಲ್ಲಿ ಬೊಬ್ಬೆ ಬಂದಿತ್ತು. ಕುದುರೆ ಮೇಲಿನವನಿಗಿಂತ ಇವನೇ ನನಗೆ ಹತ್ತಿರ.

ಒಗ್ಗರಣೆ

ನನ್ನದು ಸ್ವಲ್ಪ ಸಿಟ್ಟಿನ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಬಡ ಯಾತ್ರಿಕರಿಗೆ ಅಂತ ಕಟ್ಟಿದ ಛತ್ರದಲ್ಲಿ ಈಗ ಒಂದು ರಾತ್ರಿಗೆ ನೂರಾರು ಯೂರೋ. ನಡೆದು ಬಂದವನು ಹೊರಗೆ ಮಳೆಯಲ್ಲಿ ನಿಂತು ಶಿಲ್ಪ ನೋಡಬೇಕು, ದುಡ್ಡಿದ್ದವನು ಅದರ ಕೆಳಗೇ ಹಾದು ಬೆಚ್ಚಗೆ ಮಲಗಬೇಕು. ಕಲ್ಲಿಗೆ ಇಷ್ಟೊಂದು ರಕ್ಷಣೆ ಕೊಟ್ಟರು. ಆ ಬಾಗಿಲು ಯಾರಿಗಾಗಿ ತೆರೆದಿತ್ತೋ ಅವರಿಗೆ?

ನಮ್ಮ ಬೆಂಗಳೂರಿನ ತೋಟದಪ್ಪನವರ ಛತ್ರ ನೋಡಿ. ಗುಬ್ಬಿ ತೋಟದಪ್ಪನವರು 1897ರಲ್ಲಿ ಶುರು ಮಾಡಿದ್ದು, ರೈಲ್ವೆ ಸ್ಟೇಷನ್ ಹತ್ತಿರ. ನನ್ನ ತಂದೆ ಮೊದಲ ಸಲ ಬೆಂಗಳೂರಿಗೆ ಇಂಟರ್‌ವ್ಯೂಗೆ ಬಂದಾಗ ತಂಗಿದ್ದು ಅಲ್ಲಿಯೇ. ಜೇಬಲ್ಲಿ ದುಡ್ಡಿಲ್ಲದವನಿಗೂ ಊರಲ್ಲಿ ಒಂದು ಜಾಗ ಇತ್ತು. ಛತ್ರ ಅಂದರೆ ಅದು.

ಪೋರ್ತೊ ಕನ್ನಡಿಗ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಒಂದು ಎಳೆ ಇನ್ನೂ ಉಳಿದಿದೆ. ಹಳೇ ಆಸ್ಪತ್ರೆಯ ನೆನಪಿಗೆ ಆ ಹೋಟೆಲು ದಿನಕ್ಕೆ ಹತ್ತು ಯಾತ್ರಿಕರಿಗೆ ಉಚಿತ ಊಟ ಕೊಡುತ್ತದೆ. ಮೊದಲೆಲ್ಲ ಪತ್ರದ ಪ್ರತಿ ಹಿಡಿದು ಗ್ಯಾರೇಜ್ ಬಾಗಿಲ ಹತ್ತಿರ ಸಾಲು ನಿಲ್ಲಬೇಕಿತ್ತು. ಈಗ ಬೆಳಗ್ಗೆ ಯಾತ್ರಿಕರ ಕಚೇರಿಗೆ ಮೊದಲು ಬಂದ ಹತ್ತು ಜನರಿಗೆ ಚೀಟಿ ಕೊಡುತ್ತಾರೆ. ಕಚೇರಿ ಹೋಟೆಲಿನ ಪಕ್ಕದ ಇಳಿಜಾರಿನಲ್ಲೇ ಇದೆ.

ದಿನಕ್ಕೆ ಸಾವಿರಗಟ್ಟಲೆ ಜನ ಬರುವ ಊರಲ್ಲಿ ಹತ್ತು ಊಟ ಏನೇನೂ ಅಲ್ಲ. ಆದರೂ ಅದನ್ನು ಪೂರ್ತಿ ನಿಲ್ಲಿಸಿಲ್ಲ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ನನ್ನ ಕೇಳಿದರೆ ಹತ್ತನ್ನು ನೂರು ಮಾಡಬೇಕು. ಶಿಲ್ಪದ ಕೆಳಗೆ ನಾಮಫಲಕ ಹಾಕುವುದಕ್ಕಿಂತ ಅದು ಒಳ್ಳೆಯ ಸಂರಕ್ಷಣೆ.

ಒಗ್ಗರಣೆ

ಈ ವಿಷಯ ಗೊತ್ತಿರಲಿಲ್ಲ. ಮನಸ್ಸು ಸ್ವಲ್ಪ ತಣ್ಣಗಾಯಿತು. ನೂರು ಮಾಡಬೇಕು ಅನ್ನುವುದಕ್ಕೆ ನನ್ನದೂ ಒಂದು ಕೈ.

ತುಂಗೆ ತೀರ

ಇದನ್ನೆಲ್ಲ ಓದುತ್ತಾ ಒಂದು ಸಂಗತಿ ಹೇಳಲೇಬೇಕು ಅನ್ನಿಸಿತು. ಸಾಂತಿಯಾಗೊ ಇರುವುದು ಗಲೀಸಿಯಾ ನಾಡಿನಲ್ಲಿ. ಅವರದ್ದು ಸ್ಪ್ಯಾನಿಷ್ ಅಲ್ಲದ ಸ್ವಂತ ಭಾಷೆ, ಗಲೀಸಿಯನ್. ಆ ಭಾಷೆಯ ದೊಡ್ಡ ಕವಯಿತ್ರಿ ರೊಸಾಲಿಯಾ ದೆ ಕಾಸ್ತ್ರೊ. 1837ರ ಫೆಬ್ರವರಿ 24ರಂದು ಅವರಿಗೆ ನಾಮಕರಣದ ದೀಕ್ಷೆ ಆದದ್ದು ಇದೇ ಛತ್ರದ ಒಳಗಿನ ಪ್ರಾರ್ಥನಾ ಮಂದಿರದಲ್ಲಿ, ಆಗ ಅದು ರಾಜರ ಆಸ್ಪತ್ರೆ. ತಾಯಿಗೆ ಮದುವೆಯಾಗಿರಲಿಲ್ಲ, ತಂದೆ ಪಾದ್ರಿ. ದಾಖಲೆಯಲ್ಲಿ ತಂದೆ ತಾಯಿ ಯಾರೆಂದು ತಿಳಿಯದು ಅಂತ ಬರೆಸಿದರು. ಅಲ್ಲಿ ಬಿಟ್ಟು ಹೋಗುವ ಕೂಸುಗಳಿಗೆ ಅನಾಥಾಲಯದ ಒಂದು ಸಂಖ್ಯೆ ಕೊಡುತ್ತಿದ್ದರು. ಈ ಮಗುವಿಗೆ ಸಂಖ್ಯೆ ಇಲ್ಲ. ಅನಾಥಾಲಯಕ್ಕೆ ಸೇರಿಸದೆ ಧರ್ಮತಾಯಿ ಎತ್ತಿಕೊಂಡು ಹೊರಟಳು.

ಆ ಮಗುವೇ ಮುಂದೆ ಗಲೀಸಿಯನ್ ಭಾಷೆಗೆ ಮತ್ತೆ ಜೀವ ತಂದಿತು. 1863ರಲ್ಲಿ ಬಂದ ಅವರ ಕವಿತೆಗಳ ನೆನಪಿಗೆ ಪ್ರತಿ ವರ್ಷ ಮೇ 17ರಂದು ಅಲ್ಲಿ ಭಾಷೆಯ ಹಬ್ಬ ಮಾಡುತ್ತಾರೆ, ಸರ್ಕಾರಿ ರಜೆ ಕೊಡುತ್ತಾರೆ. ನಮ್ಮ ರಾಜ್ಯೋತ್ಸವದ ಹಾಗೆ. ಫೆಬ್ರವರಿ ಚಳಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಒಂದು ಹಸುಗೂಸು ಆ ಕಟ್ಟಡದಿಂದ ಹೊರಗೆ ಬಂದದ್ದನ್ನು ನೆನೆಸಿಕೊಳ್ಳಿ. ನನಗಂತೂ ಆ ಬಾಗಿಲಿನ ಆದಾಮ, ಈವರಿಗಿಂತ ಆ ಕೂಸೇ ಕಣ್ಣಿಗೆ ಕಟ್ಟುತ್ತದೆ.

ಹಾಸನದ ಮೇಷ್ಟ್ರು

ಎಂಥ ಸಂಗತಿ ನೆನಪಿಸಿದಿರಿ! ಕೈಮುಗಿದೆ.

ಗದಗ ಹುಡುಗ

ಒಂದು ಉಪಯೋಗದ ಪ್ರಶ್ನೆ. ಮುಂದಿನ ಪವಿತ್ರ ವರ್ಷ 2027 ಅಲ್ವಾ? ಸಂತ ಯಾಕೋಬನ ಹಬ್ಬದ ದಿನ, ಜುಲೈ 25, ಭಾನುವಾರ ಬಂದರೆ ಪವಿತ್ರ ವರ್ಷ ಅಂತ ಕೇಳಿದ್ದೇನೆ. ಆಗ ನಡೆದು ಹೋಗಬೇಕು ಅಂತಿದ್ದೇನೆ. ಹೋಟೆಲಲ್ಲಿ ಉಳಿಯುವ ಶಕ್ತಿಯಿಲ್ಲ, ಒಳಗೆ ಕಾಲಿಡಲಾದರೂ ಆಗುತ್ತದಾ? ಮತ್ತೆ ನಾನು ಸಸ್ಯಾಹಾರಿ.

ಪೋರ್ತೊ ಕನ್ನಡಿಗ

ಹೌದು, 2027. ಜನ ವಿಪರೀತ ಇರುತ್ತಾರೆ, ತಂಗುವ ಜಾಗ ಮೊದಲೇ ನೋಡಿಕೊಳ್ಳಿ. ಹೋಟೆಲಿನ ಊಟದ ಮನೆಗಳಿಗೆ ಹೊರಗಿನವರೂ ಹೋಗಬಹುದು. ಎನ್‌ಶೆಬ್ರೆ ಅನ್ನುವುದು ಸಾದಾ, ಊರಿನ ಅಡುಗೆ ಸಿಗುವ ಜಾಗ. ಸಸ್ಯಾಹಾರಿಗಳಿಗೆ ಗಲೀಸಿಯಾ ಸ್ವಲ್ಪ ಕಷ್ಟ. ಸೊಪ್ಪಿನ ಸಾರಿಗೂ ಹಂದಿ ಮಾಂಸ ಹಾಕಿರುತ್ತಾರೆ, ಕೇಳದೆ ತಿನ್ನಬೇಡಿ. ಪದ್ರೋನ್ ಮೆಣಸಿನಕಾಯಿ ಧೈರ್ಯವಾಗಿ ತಿನ್ನಿ. ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಉದುರಿಸಿ ಕೊಡುತ್ತಾರೆ, ನಮ್ಮ ಮಜ್ಜಿಗೆ ಮೆಣಸಿನಕಾಯಿ ತಿಂದ ಬಾಯಿಗೆ ಹಿತವಾಗಿರುತ್ತದೆ. ಮೊಟ್ಟೆ ನಡೆಯುತ್ತದೆ ಅಂದರೆ ಬಾದಾಮಿಯ ಕೇಕ್ ಬಿಡಬೇಡಿ, ಮೇಲೆ ಸಕ್ಕರೆ ಪುಡಿಯಲ್ಲಿ ಯಾಕೋಬನ ಶಿಲುಬೆ ಇರುತ್ತದೆ.

ಹಾಗೇ ಮಳೆ ಬಂದರೆ ಓಡಿ ಹೋಗಬೇಡಿ. ಒಂದೈದು ನಿಮಿಷ ನಿಂತು ಕಟ್ಟಡದ ಸೂರಿನ ಕಡೆ ನೋಡಿ. ಕಲ್ಲಿನ ಪ್ರಾಣಿಗಳ ಬಾಯಿಂದ ನೀರು ಧಾರೆಯಾಗಿ ಬೀಳುತ್ತಿರುತ್ತದೆ. ಅವಕ್ಕೂ ಒಂದು ಕೆಲಸ ಇದೆ, ಗೋಡೆಗೆ, ಶಿಲ್ಪಗಳಿಗೆ ನೀರು ಇಳಿಯದ ಹಾಗೆ ದೂರಕ್ಕೆ ಚಿಮ್ಮಿಸುವುದು.

ಬಾದಾಮಿ ಕಲ್ಲು

ನಿಜ. ಹಳೇ ಕಾಲದವರು ಕಂಡುಕೊಂಡ ಅತಿ ದೊಡ್ಡ ಸಂರಕ್ಷಣೆ ಅದೇ, ನೀರನ್ನು ಗೋಡೆಯಿಂದ ದೂರ ಇಡುವುದು. ನಮ್ಮ ಗುಡಿಗಳ ಮುಂಚಾಚಿದ ಕಲ್ಲಿನ ಸೂರು, ಕಪೋತ ಅನ್ನುತ್ತೇವಲ್ಲ, ಅದೂ ಅದಕ್ಕೇ ಇರುವುದು. ಅಲ್ಲಿಗೆ ಹೋಗುವ ಯಾರಾದರೂ ಬಾಗಿಲಿನ ಕೆಳಭಾಗದ ಹತ್ತಿರದ ಫೋಟೊ ತೆಗೆದು ಹಾಕಿ, ಫ್ಲಾಶ್ ಬೇಡ, ಬೆಳಗಿನ ಓರೆ ಬೆಳಕಿನಲ್ಲಿ. ಸಂದು ತುಂಬಿರುವುದು ಸುಣ್ಣದ ಗಾರೆಯೋ ಸಿಮೆಂಟೋ ನೋಡಬೇಕು ಅಂತ ಆಸೆ.

ಕಾಲ್ನಡಿಗೆ

ಇಷ್ಟೊಂದು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಮಗಳಿಗೂ ಓದಿಸಿದೆ. ಅವಳಿಗೆ ಬಾದಾಮಿ ಸರ್ ಅವರ ನಂದಿಯ ಕಥೆ ಓದಿ ತುಂಬಾ ಬೇಸರವಾಯಿತು. ನಾನೂ ಒಪ್ಪಿದೆ, ಇನ್ನು ಮುಟ್ಟುವುದಿಲ್ಲ. 2027ಕ್ಕೆ ಮತ್ತೆ ಹೋಗಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಈ ಸಲ ಸರಪಳಿಯ ಒಳಗೆ ಸ್ವಲ್ಪ ಹೊತ್ತು ನಿಂತು ಆ ಕೂಸನ್ನೂ ನೆನೆಸಿಕೊಳ್ಳುತ್ತೇನೆ.

ನಿನ್ನೆ ಸಂಜೆ ಅಮ್ಮನಿಗೆ ಬಾಗಿಲಿನ ಫೋಟೊ ತೋರಿಸಿದೆ. ಆಪರೇಷನ್ ಆದ ಮೇಲೆ ಅವರಿಗೆ ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. "ಕಣ್ಣಿನ ದೇವತೆ ಯಾವುದೇ ಇದರಲ್ಲಿ?" ಅಂದರು. ಬೆರಳಿಟ್ಟು ತೋರಿಸಿದೆ. ಬೆರಳಿನಿಂದ ಅಗಲಿಸಿ ಅಗಲಿಸಿ ಲೂಸಿಯಾಳ ಮುಖ ಪರದೆ ತುಂಬ ಬರುವ ಹಾಗೆ ಮಾಡಿಕೊಂಡರು. ಸುಮಾರು ಹೊತ್ತು ನೋಡಿದರು. ಆಮೇಲೆ "ಮೂಗು ಸ್ವಲ್ಪ ಸವೆದಿದೆ ಕಣೇ, ಪಾಪ ಮಳೆಯಲ್ಲಿ ನಿಂತು ನಿಂತು" ಅಂದು, ಮೊಬೈಲನ್ನು ದೇವರ ಮನೆಯ ಹೊಸ್ತಿಲ ಮೇಲಿಟ್ಟು ಕೈ ಮುಗಿದರು.

ಬಾದಾಮಿ ಸರ್, ಆ ಫೋಟೊವನ್ನೇ ಇಲ್ಲಿ ಹಾಕುತ್ತಿದ್ದೇನೆ. ಬುಡದ ಸಂದುಗಳು ಎಡ ಮೂಲೆಯಲ್ಲಿ ಕಾಣುತ್ತವೆ. ಗಾರೆಯೋ ಸಿಮೆಂಟೋ ನೋಡಿ ಹೇಳಿ.